ವಾಸನೆ ಇಲ್ಲ

ಎದ್ದ ಕೂಡಲೇ ಸಾಲ್ವು ಜೆರಾಫಾ ತನ್ನ ಅಂಗೈಯನ್ನು ಮೂಸಿ ನೋಡಿದ. ಆಮೇಲೆ ದಿಂಬನ್ನು. ಆಮೇಲೆ ಬಚ್ಚಲಿನಲ್ಲಿ ಸಾಬೂನು, ಒದ್ದೆ ಟವೆಲು, ನಿನ್ನೆ ಬಿಚ್ಚಿ ಎಸೆದ ಕಾಲುಚೀಲ. ಜೂನ್‌ನ ಚಳಿಯಲ್ಲಿ ಬಂದ ಫ್ಲೂ ಜ್ವರ ಬಿಟ್ಟುಹೋದಂದಿನಿಂದ ಬೆಳಿಗ್ಗೆ ಎದ್ದರೆ ಇದೇ ಕೆಲಸ. ಕರೆಂಟು ಹೋಗಿದೆಯೆಂದು ಗೊತ್ತಿದ್ದೂ ಕೋಣೆಗೆ ಕಾಲಿಟ್ಟಾಗಲೆಲ್ಲ ಸ್ವಿಚ್ಚು ಒತ್ತುವ ಕೈಯ ಹಾಗೆ. ಈಗ ಜನವರಿ, ಭೂಮಿಯ ಈ ದಕ್ಷಿಣದ ತುದಿಯಲ್ಲಿ ನಡುಬೇಸಿಗೆ. ಕಿಟಕಿಯಾಚೆ ಉತ್ತರದ ಗಾಳಿ ಆಗಲೇ ಬೀಸತೊಡಗಿತ್ತು, ಒಲೆಯ ಬಾಯಿ ತೆರೆದಂತೆ. ಕಾಲುಚೀಲವನ್ನು ಮೂಗಿಗೆ ಒತ್ತಿಕೊಂಡೇ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ. ಐವತ್ತು ದಾಟಿದ ಗಂಡಸು, ಮೊಮ್ಮಕ್ಕಳಿರುವವನು, ಕಾಲುಚೀಲ ಮೂಸುತ್ತ ನಿಂತಿದ್ದಾನೆ. ಯಾರೋ ನೋಡಿಬಿಟ್ಟರೆಂಬಂತೆ ಅದನ್ನು ಬುಟ್ಟಿಗೆ ಹಾಕಿ ಮೇಲೆ ಟವೆಲು ಮುಚ್ಚಿದ.

ಅಡುಗೆಮನೆಯಲ್ಲಿ ಹೆಂಡತಿ ಕಾರ್ಮೆನಾ ಬ್ರೆಡ್ಡಿಗೆ ಟೊಮೇಟೊ ಉಜ್ಜುತ್ತಿದ್ದಳು. "ನಿನ್ನೆ ಮೊಲದ ಸಾರು ಹೇಗಿತ್ತು?" ಎಂದಳು, ತಿರುಗದೆಯೇ.

"ಯಾವಾಗಿನ ಹಾಗೇ. ಚೆನ್ನಾಗಿತ್ತು."

"ಬೆಳ್ಳುಳ್ಳಿ ಹಾಕೋದೇ ಮರ್ತಿದ್ದೆ ಕಣೋ. ಎರಡು ಸಲ ಬಡಿಸ್ಕೊಂಡೆ ನೀನು."

"ಹಸಿವಾಗಿತ್ತು."

ಅವಳು ತಿರುಗಿ ನೋಡಿದಳು. ಮಾಲ್ಟಾದಿಂದ ಹಡಗಿನಲ್ಲಿ ಬರುವಾಗ ಎಲ್ಲರೂ ವಾಂತಿ ಮಾಡುತ್ತಿದ್ದರೆ, ಇವತ್ತು ಅಡುಗೆಯವರು ಏನು ಬೇಯಿಸುತ್ತಿದ್ದಾರೆಂದು ಮೇಲಿನ ಅಟ್ಟದಲ್ಲಿ ನಿಂತೇ ಹೇಳುತ್ತಿದ್ದ ಹುಡುಗನನ್ನು ಮದುವೆಯಾದವಳು ಅವಳು. ಸಾಲ್ವು ಟೋಪಿ ಎತ್ತಿಕೊಂಡು ಹೊರಗೆ ನಡೆದ. ಅವಳಿಗೆ ಹೇಳಬಹುದಿತ್ತು. ಮೊದಲ ವಾರವೇ ಹೇಳಿದ್ದರೆ ಅದೊಂದು ನೆಗಡಿಯ ಸುದ್ದಿಯಾಗಿರುತ್ತಿತ್ತು. ತಡವಾದಷ್ಟೂ ಅದು ಬೇರೆ ಏನೋ ಆಗುತ್ತ ಹೋಯಿತು. ಈಗ ಹೇಳಿದರೆ "ಇಷ್ಟು ದಿನ?" ಎಂಬ ಪ್ರಶ್ನೆಗೂ ಉತ್ತರ ಹೇಳಬೇಕು.

ಕಚ್ಚಾ ಎಣ್ಣೆ ಶುದ್ಧೀಕರಿಸುವ ಕಾರ್ಖಾನೆಯಲ್ಲಿ ಸಾಲ್ವು ಎಂಬ ಹೆಸರು ಸ್ಯಾಲ್ ಆಗಿತ್ತು, ಆದರೆ ಹೆಚ್ಚಾಗಿ ಅವನನ್ನು ಎಲ್ಲರೂ ಮೂಗು ಎಂದೇ ಕರೆಯುತ್ತಿದ್ದರು. ಎಣ್ಣೆ ಕಾಸಿ ಬೇರ್ಪಡಿಸುವ ಗೋಪುರಗಳನ್ನು ಹತ್ತಿ ಇಳಿದು ಮೊಣಕಾಲು ಸವೆದ ಮೇಲೆ ಕಂಪನಿ ಅವನಿಗೊಂದು ಬಿಳಿ ಕಾರು ಕೊಟ್ಟಿತ್ತು. ಬೇಲಿಯಾಚೆಯ ಮನೆಗಳವರು ಫೋನು ಮಾಡಿ ವಾಸನೆ ಬರುತ್ತಿದೆ ಎಂದರೆ ಇವನು ಹೋಗಬೇಕು, ಮೂಸಬೇಕು, ಇದೆ ಅಥವಾ ಇಲ್ಲ ಎನ್ನಬೇಕು. ಇವನ ಮಾತಿನ ಮೇಲೆ ಕವಾಟಗಳು ಮುಚ್ಚುತ್ತಿದ್ದವು, ತೆರೆಯುತ್ತಿದ್ದವು. ಕಾರಿನ ಡಿಕ್ಕಿಯಲ್ಲಿ ಅನಿಲ ಅಳೆಯುವ ಯಂತ್ರವೊಂದಿತ್ತು, ಪೆಟ್ಟಿಗೆಯಿಂದ ತೆಗೆದೇ ಇರಲಿಲ್ಲ. ಹೊಸಬರ ಮುಂದೆ ಅದನ್ನು ತೋರಿಸಿ, "ಇದಕ್ಕೆ ಬ್ಯಾಟರಿ ಬೇಕು, ನನಗೆ ಕಾಫಿ ಸಾಕು" ಎಂದು ನಗಿಸುತ್ತಿದ್ದ. ಆ ತಮಾಷೆಯೇ ಈಗ ಕಾಲಿಗೆ ಸುತ್ತಿಕೊಂಡಿತ್ತು. ಜೂನ್ ನಂತರ ಯಂತ್ರವನ್ನು ಕೈಗೆತ್ತಿಕೊಂಡರೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಏನು ಮೂಗು, ನೆಗಡಿಯಾ?

ಕಚೇರಿಯಲ್ಲಿ ಪಾಳಿಯ ಮೇಲ್ವಿಚಾರಕ ಮರ್ವ್ ಫ್ಯಾನಿನೆದುರು ಅಂಗಿಯ ಗುಂಡಿ ಬಿಚ್ಚಿಕೊಂಡು ಕೂತಿದ್ದ. ಇವನನ್ನು ಕಂಡವನೇ ನಕ್ಕ. "ಬಾರಯ್ಯಾ ಸ್ಯಾಲ್. ನಿನ್ನ ಹುಡುಗಿ ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿದಾಳೆ."

"ಮಿಸೆಸ್ ಹಾರ್ಕಿನ್ನಾ?"

"ಇನ್ಯಾರು? ಬಟ್ಟೆ ಒಗೆಯೋ ಕೋಣೆ, ಅದೇ ಮೋರಿ, ಅದೇ ವಾಸನೆ. ಹೋಗಿ ಒಂದು ಕಪ್ ಚಹಾ ಕುಡಿದು ಸಮಾಧಾನ ಮಾಡಿ ಬಾ. ಪಾಪ, ಮಗ ಅವಳನ್ನ ಯಾವುದೋ ವೃದ್ಧಾಶ್ರಮಕ್ಕೆ ಸೇರಿಸ್ತಿದಾನಂತೆ, ಇನ್ನು ಹೆಚ್ಚು ದಿನ ಕಾಟ ಇಲ್ಲ."

ಸಾಲ್ವು ಕಾರು ಹತ್ತಿದ. ಸ್ಟಿಯರಿಂಗು ಕೈ ಸುಟ್ಟಿತು. ಬೇಲಿಯುದ್ದಕ್ಕೂ ಗೋಪುರಗಳು ಬಿಸಿಲಲ್ಲಿ ಅಲುಗಾಡುತ್ತಿದ್ದವು. ಅವುಗಳಲ್ಲೊಂದರ ಬುಡದಲ್ಲಿ ಹಾಲೆಂಡಿನಿಂದ ಬಂದಿದ್ದ ಹಳೆಯ ಮೇಸ್ತ್ರಿ ಅವನಿಗೆ ಪಾಠ ಹೇಳಿಕೊಟ್ಟಿದ್ದ; ಇಬ್ಬರಿಗೂ ಇಂಗ್ಲಿಷು ಅಷ್ಟಕ್ಕಷ್ಟೆ. ಕಚ್ಚಾ ಎಣ್ಣೆ ಅಂದರೆ ಒಂದು ದೊಡ್ಡ ಕುಟುಂಬ ಕಣೋ, ಎಂದಿದ್ದ ಆತ. ಒಂದು ಇಂಗಾಲದ್ದು ಮೀಥೇನು, ಎಲ್ಲರಿಗಿಂತ ಹಗುರ. ಎರಡರದ್ದು, ಮೂರರದ್ದು, ನಾಲ್ಕರದ್ದು ಅನಿಲ. ಐದರಿಂದಾಚೆ ನೀರಿನಂಥವು. ಇನ್ನೂ ಉದ್ದ ಸರಪಳಿಯವು ಸೀಮೆಎಣ್ಣೆ, ಡೀಸೆಲ್ಲು, ಕೊನೆಗೆ ಮೇಣ. ಗೋಪುರವನ್ನು ಕೆಳಗಿನಿಂದ ಕಾಸಿದರೆ ಉದ್ದದ್ದು ತಳದಲ್ಲೇ ಉಳಿಯುತ್ತದೆ, ಗಿಡ್ಡದ್ದು ಮೇಲೇರುತ್ತದೆ. ತನ್ನ ತನ್ನ ಕಾವು ಸಿಕ್ಕಿದ ತಟ್ಟೆಯಲ್ಲಿ ಒಂದೊಂದೂ ತಣ್ಣಗಾಗಿ ಇಳಿಯುತ್ತದೆ. ಆಲ್ಕೇನುಗಳೆಂಬ ಈ ಕುಟುಂಬದವರು ಎಲ್ಲ ಕೈಯೂ ತುಂಬಿರುವ ಜನ. ಇಂಗಾಲದ ನಾಲ್ಕು ಕೈಗಳಲ್ಲಿ ಒಂದೂ ಖಾಲಿಯಿಲ್ಲ, ಹಾಗಾಗಿ ನೀರಿಗೂ ಸೇರವು, ಆಮ್ಲಕ್ಕೂ ಜಗ್ಗವು. ಬೆಂಕಿಯೊಂದಕ್ಕೆ ಮಾತ್ರ ಒಲಿಯುತ್ತವೆ. ಮತ್ತೆ ನೆನಪಿಡು, ಎಂದು ಮೇಸ್ತ್ರಿ ಮೂಗಿನ ಮೇಲೆ ಬೆರಳಿಟ್ಟಿದ್ದ: ನಾರುವುದು ಇವಲ್ಲ, ಇವುಗಳ ಜೊತೆ ಬರುವ ಗಂಧಕ. ಗಂಧಕ ತೆಗೆದುಬಿಟ್ಟರೆ ಪೆಟ್ರೋಲಿನಂಥ ಹಗುರ ನಾಫ್ತಾ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ನಿನ್ನಂಥ ಮೂಗು ಬೇಕಾಗುವುದು ಅದಕ್ಕೆ. ಅಂದು ತನಗೆ ಎಷ್ಟು ಹೆಮ್ಮೆಯಾಗಿತ್ತೆಂದು ನೆನಪಾಗಿ ಈಗ ಸಾಲ್ವು ಕಾರಿನ ವೇಗ ಹೆಚ್ಚಿಸಿದ.

ಮಿಸೆಸ್ ಈನಿಡ್ ಹಾರ್ಕಿನ್ ಬಾಗಿಲಲ್ಲೇ ಕಾದಿದ್ದಳು. ಬೀದಿಯ ಕೊನೆಯ ಮನೆ. ಹಿತ್ತಲ ಬೇಲಿಯಾಚೆ ಓಣಿ, ಓಣಿಯಾಚೆ ಕಾರ್ಖಾನೆಯ ಗೋಡೆ. ಎತ್ತರದ, ಮೂಳೆ ಮೂಳೆಯ ಹೆಂಗಸು. ಹಿಂದೆಲ್ಲ ಇವನು ಬಂದರೆ ಜಗಳಕ್ಕೆ ನಿಲ್ಲುತ್ತಿದ್ದಳು. ಇವತ್ತು ಬೇರೆಯವರ ಮನೆಗೆ ಬಂದವಳಂತೆ ಪಕ್ಕಕ್ಕೆ ಸರಿದು ನಿಂತಳು.

"ಬಾಪ್ಪಾ ಸ್ಯಾಲ್. ಮತ್ತೆ ಕರೆಸಿದ್ದಕ್ಕೆ ಬೇಜಾರು ಮಾಡ್ಕೋಬೇಡ."

"ಅದಕ್ಕೇನು ಮಿಸೆಸ್ ಹಾರ್ಕಿನ್, ನನ್ನ ಕೆಲಸ."

"ಗುರುವಾರ ಮಗ ರಸೆಲ್ ನನ್ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾನೆ. ತಲೆಯ ಪರೀಕ್ಷೆಯಂತೆ. ಇಲ್ಲದ ವಾಸನೆ ಬರೋದೂ ಒಂದು ಲಕ್ಷಣ ಅಂತೆ, ಸೊಸೆ ಎಲ್ಲೋ ಓದಿದಾಳೆ." ಬಟ್ಟೆ ಒಗೆಯುವ ಕೋಣೆಯ ಬಾಗಿಲು ತೆರೆದು ಅವಳು ಹಿಂದೆ ನಿಂತಳು. "ಅದಕ್ಕೇ ಇವತ್ತು ಇನ್ನೊಂದ್ಸಲ ಕೇಳೋಣ ಅಂತ. ನಿನಗೆ ಇಲ್ಲ ಅನ್ನಿಸಿದರೆ ನಾನು ಸುಮ್ಮನೆ ಮನೆ ಖಾಲಿ ಮಾಡ್ತೀನಿ. ಗಲಾಟೆ ಮಾಡಲ್ಲ."

ಸಾಲ್ವು ಒಳಗೆ ಹೋಗಿ ಮೋರಿಯ ಪಕ್ಕ ಕೂತ. ಮೊಣಕಾಲು ಲಟಕ್ಕೆಂದಿತು. ಬಾಗಿದ, ಕಣ್ಣು ಮುಚ್ಚಿದ, ಮೂಗಿನ ಹೊಳ್ಳೆ ಅರಳಿಸಿ ಉಸಿರು ಎಳೆದುಕೊಂಡ. ಹಳೆಯ ಹಾವಭಾವವೆಲ್ಲ ಹಾಗೇ ಇತ್ತು. ಒಳಗೆ ಹೋದದ್ದು ಬರೀ ಬಿಸಿ. ಆಗಸ್ಟಿನಲ್ಲಿ ರಸೆಲ್ ಕಾರ್ಖಾನೆಯ ಗೇಟಿಗೆ ಬಂದು ಇವನನ್ನು ಮರೆಗೆ ಕರೆದಿದ್ದ. ದಪ್ಪ ಕತ್ತಿನ, ಸಂಕೋಚದ ಮನುಷ್ಯ. ನಿಜ ಹೇಳಿ, ಅಮ್ಮನ ಮನೇಲಿ ಏನಾದರೂ ಇದೆಯಾ, ಇದ್ದರೆ ನಾನು ನಿಮ್ಮ ಕಂಪನಿಯ ಮೇಲೆ ಜಗಳ ಆಡ್ತೀನಿ, ಇಲ್ಲದಿದ್ದರೆ ಬೇರೆ ಯೋಚನೆ ಮಾಡಬೇಕು, ಎಂದಿದ್ದ. ಸಾಲ್ವು ಅವನ ತೋಳಿನ ಮೇಲೆ ಕೈಯಿಟ್ಟು, "ಏನೂ ಇಲ್ಲಪ್ಪ" ಎಂದಿದ್ದ. ಆ ಕೈ! ಸುಳ್ಳಿಗಿಂತ ಆ ಕೈಯೇ ಅವನನ್ನು ಈಗ ಹಿಂಸಿಸುತ್ತಿತ್ತು. ರಸೆಲ್‌ನ ಕಣ್ಣಲ್ಲಿ ನೀರು ಬಂದಿತ್ತು. ಸಾಲ್ವು ಅವನಿಗೆ ಕರವಸ್ತ್ರ ಬೇರೆ ಕೊಟ್ಟಿದ್ದ.

"ಏನು?" ಎಂದಳು ಮುದುಕಿ.

"ವಾಸನೆ ಇಲ್ಲ, ಮಿಸೆಸ್ ಹಾರ್ಕಿನ್."

ಅವಳು ತಲೆಯಾಡಿಸಿದಳು. ವಾದ ಮಾಡಲಿಲ್ಲ. ಅವಳು ಬಯ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಎದ್ದು ನಿಂತಾಗ ಹಣೆಯಿಂದ ಬೆವರು ಧಾರಾಕಾರ ಇಳಿಯುತ್ತಿತ್ತು. ತೊಟ್ಟಿಯ ಅಂಚಿನ ಮೇಲಿದ್ದ ಬಟ್ಟೆ ಎಳೆದುಕೊಂಡು ಹಣೆ, ಕೆನ್ನೆ, ಕತ್ತು, ಬಾಯಿ ಎಲ್ಲ ಚೆನ್ನಾಗಿ ಒರೆಸಿಕೊಂಡ. ಬಟ್ಟೆ ತುಸು ಅಂಟಂಟಾಗಿತ್ತು. ಮಡಿಸಿ ಮತ್ತೆ ಅಲ್ಲೇ ಇಟ್ಟು, "ಥ್ಯಾಂಕ್ಸ್" ಎಂದ.

ಮುದುಕಿ ಅವನನ್ನು ನೋಡುತ್ತಲೇ ಇದ್ದಳು.

"ಸ್ಯಾಲ್. ಅದು ಮೀನು ಒರೆಸಿದ ಬಟ್ಟೆ. ಮೊನ್ನೆಯದು. ಎಸೆಯೋಕೆ ಅಂತ ಇಟ್ಟಿದ್ದೆ."

"ಗೊತ್ತಾಯ್ತು," ಎಂದ ಸಾಲ್ವು. "ಪರವಾಗಿಲ್ಲ."

ಅವಳ ಮುಖದಲ್ಲಿ ಏನೋ ನಿಧಾನವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತಿತ್ತು. ಅದು ಪೂರ್ತಿಯಾಗುವುದರೊಳಗೆ ಅವನು ಹಜಾರ ದಾಟಿ, ಬಾಗಿಲು ದಾಟಿ, ಕಾರಿನೊಳಗೆ ಇದ್ದ.

ಎರಡು ಬೀದಿಯಾಚೆ, ಮೂಲೆಯಲ್ಲೊಂದು ಹಾಲು-ಬ್ರೆಡ್ಡಿನ ಅಂಗಡಿ. ಅಲ್ಲಿ ಕಾರು ನಿಲ್ಲಿಸಿದ, ಯಾಕೆಂದು ತಿಳಿಯದೆ. ತಣ್ಣನೆಯದೇನಾದರೂ ಕುಡಿಯಬೇಕೆನ್ನಿಸಿತು. ಗಲ್ಲಾದಲ್ಲಿದ್ದ ಹುಡುಗಿ ಬಾಟಲಿ ಕೊಡುವಾಗ ತಲೆ ಹಿಂದಕ್ಕೆ ಎಳೆದುಕೊಂಡಳು, ನಗು ಕಚ್ಚಿ ಹಿಡಿದಳು. ಪಕ್ಕದಲ್ಲಿದ್ದ ಹೆಂಗಸು ಮಗುವಿನ ಕೈ ಹಿಡಿದು ಸರಿದು ನಿಂತಳು. "ಅಮ್ಮಾ, ಈ ಅಂಕಲ್—" ಎಂದಿತು ಮಗು. "ಶ್," ಎಂದಳು ತಾಯಿ. ತನ್ನ ಮುಖದಿಂದಲೇ ನಾತ ಬರುತ್ತಿದೆ, ಊರಿಗೆಲ್ಲ ಗೊತ್ತಾಗುತ್ತಿದೆ, ತನಗೊಬ್ಬನಿಗೆ ಗೊತ್ತಿಲ್ಲ. ಆರೇಳು ತಿಂಗಳಿಂದ ತಾನು ಹೀಗೇ ಎಲ್ಲರ ಮುಂದೆ ಓಡಾಡಿದ್ದೇನೆ ಎಂದುಕೊಂಡ. ಅಂಗಡಿಯ ಹೊರಗೆ, ನೆರಳಿನಲ್ಲಿ ತೂಗುಹಾಕಿದ್ದ ಉಷ್ಣಮಾಪಕ ಮೂವತ್ತೊಂಬತ್ತು ತೋರಿಸುತ್ತಿತ್ತು. ಐದು ಇಂಗಾಲದ ಪೆಂಟೇನು ಮೂವತ್ತಾರಕ್ಕೆ ಕುದಿಯುತ್ತದೆ. ಆ ಅಂಕಿ ಸುಮ್ಮನೆ, ಬಾಯಿಪಾಠದ ಮಗ್ಗಿಯಂತೆ ನಾಲಗೆಗೆ ಬಂತು. ಇವತ್ತಿನ ಬಿಸಿಲಿಗೆ ಅದಕ್ಕೆ ಒಲೆಯೇ ಬೇಡ. ಎಲ್ಲಾದರೂ ಸೋರಿದ್ದರೆ ಸೋರಿದಲ್ಲೇ ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಭಾರ, ಮೇಲೆ ಹೋಗದೆ ನೆಲ ಹಿಡಿದು ತೆವಳುತ್ತದೆ, ತಗ್ಗು ಹುಡುಕುತ್ತದೆ, ಚರಂಡಿ ಹುಡುಕುತ್ತದೆ. ಮುದುಕಿಯ ಬಟ್ಟೆ ಒಗೆಯುವ ಕೋಣೆಯ ಮೂಲೆಯಲ್ಲಿ ನೀರು ಕಾಯಿಸುವ ಬಾಯ್ಲರು ಇತ್ತು. ಅದರ ತಳದ ಪುಟ್ಟ ಕಿಂಡಿಯಲ್ಲಿ ಹಗಲಿರುಳು ಉರಿಯುವ ನೀಲಿ ಕುಡಿಯನ್ನು ಅವನು ಇದೀಗ, ಕಣ್ಣು ಮುಚ್ಚಿ ನಾಟಕವಾಡುವ ಮುಂಚೆ, ನೋಡಿದ್ದ.

ಬಾಟಲಿ ಅಲ್ಲೇ ಕಟ್ಟೆಯ ಮೇಲೆ ಉಳಿಯಿತು. ಕಾರನ್ನು ಅವಳ ಮನೆಯಿಂದ ದೂರವೇ ನಿಲ್ಲಿಸಿ, ಡಿಕ್ಕಿ ತೆಗೆದು ಯಂತ್ರದ ಗುಂಡಿ ಒತ್ತಿದ. ಸತ್ತಿತ್ತು. ಮೊಣಕಾಲು ಎಳೆಯುತ್ತ ಓಡಿದ. ಮನೆಯ ಪಕ್ಕಕ್ಕೆ ಹೋಗಿ ಮೀಟರಿನ ಬಳಿ ಅನಿಲ ಕೊಳವೆಯ ತಿರುಪನ್ನು ಮುಚ್ಚಿದ, ಬಾಯ್ಲರಿನ ಕುಡಿ ಆರಲೆಂದು. ಹಿಂಬಾಗಿಲಿನಿಂದ ಒಳಗೆ ನುಗ್ಗಿದಾಗ ಮಿಸೆಸ್ ಹಾರ್ಕಿನ್ ಕೈಯಲ್ಲಿ ಸೋಪಿನಪುಡಿ ಹಿಡಿದು ಅದೇ ಕೋಣೆಗೆ ಹೊರಟಿದ್ದಳು. ಅವಳ ಇನ್ನೊಂದು ಕೈ ದೀಪದ ಸ್ವಿಚ್ಚಿನ ಮೇಲೆ ಇತ್ತು.

"ಮುಟ್ಟಬೇಡಿ!"

ಅವನ ಕೂಗಿಗೆ ಅವಳು ಬೆಚ್ಚಿ ಪುಡಿ ಚೆಲ್ಲಿದಳು. ಅವನು ಅವಳ ಮಣಿಕಟ್ಟು ಹಿಡಿದುಕೊಂಡೇ ಹಿತ್ತಲಿಗೆ ಎಳೆದು ತಂದ. ಅವಳು ಕೈ ಕೊಡವಿಕೊಂಡಳು.

"ಏನಾಗಿದೆ ನಿನಗೆ?"

"ನನಗೆ ವಾಸನೆ ತಿಳಿಯಲ್ಲ," ಎಂದ ಸಾಲ್ವು. ಇಷ್ಟು ದಿನ ಮನಸ್ಸಿನಲ್ಲಿ ನೂರು ರೀತಿಯಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತು ಹೀಗೆ ಮೂರು ಪದದಲ್ಲಿ ಮುಗಿದುಹೋಯಿತು. "ಏನೂ. ಯಾವುದೂ."

"ಯಾವಾಗಿಂದ?"

"ಜೂನ್‌ನಿಂದ."

ಗಾಳಿಗೆ ಹಗ್ಗದ ಮೇಲಿನ ಬಟ್ಟೆ ಪಟಪಟನೆ ಬಡಿಯುತ್ತಿತ್ತು. "ಜೂನ್‌ನಿಂದ ನೀನು ಇಲ್ಲಿಗೆ ಎಷ್ಟು ಸಲ ಬಂದೆ?" ಎಂದಳು ಅವಳು. ಅವನು ನೆಲ ನೋಡಿದ. "ನಾನು ರಾತ್ರಿಯೆಲ್ಲ ಕೂತ್ಕೊಂಡು ನನ್ನ ತಂಗಿಯರ ಹೆಸರು, ಅವರ ಮಕ್ಕಳ ಹೆಸರು ಹೇಳ್ಕೋತಿದ್ದೆ ಕಣೋ. ಮರೆತುಹೋಗಿಲ್ಲ ತಾನೇ ಅಂತ. ಬೀರು ತೆಗೆದು ನೋಡ್ಕೋತಿದ್ದೆ, ಇಟ್ಟದ್ದು ಇಟ್ಟಲ್ಲೇ ಇದೆಯಾ ಅಂತ. ನನ್ನ ತಲೆಯ ಮೇಲೆ ನಾನೇ ಕಾವಲು ಕೂತಿದ್ದೆ. ನೀನು ಬಂದು ಬಗ್ಗಿ, ಕಣ್ಣು ಮುಚ್ಚಿ..." ಅವಳು ಕೈಗಂಟಿದ ಸೋಪಿನಪುಡಿ ಕೊಡವಿದಳು. "ಹಾಳಾದವನೇ."

"ಹೌದು," ಎಂದ ಅವನು. "ಬಯ್ಯಿರಿ. ಆದರೆ ಈಗಲ್ಲ. ಈಗ ಹೇಳಿ, ಆ ವಾಸನೆ ಎಂಥದ್ದು? ಕೊಳೆತ ಮೊಟ್ಟೆಯ ಥರವಾ?"

"ಅದನ್ನ ಯಾವನಾದರೂ ಹೇಳ್ತಾನೆ. ಅದಲ್ಲ."

"ಬೂಟ್ ಪಾಲಿಶ್? ಸೀಮೆಎಣ್ಣೆ ಸ್ಟವ್?"

"ಅದಕ್ಕಿಂತ ತೆಳು. ಸಿಹಿ. ಬಂದು ಹೋಗಿಬಿಡುತ್ತೆ. ನನ್ನ ಗಂಡ ಸಿಗರೇಟ್ ಲೈಟರಿಗೆ ಎಣ್ಣೆ ತುಂಬುವಾಗ ಬೆರಳಿಗೆ ಅಂಟ್ತಿತ್ತಲ್ಲ, ಅದು."

ಸಾಲ್ವು ಬೆರಳು ಮಡಿಚಿ ಎಣಿಸಿದ. ಐದು, ಆರು ಇಂಗಾಲದ್ದು. ಗಂಧಕ ತೆಗೆದ ಹಗುರ ನಾಫ್ತಾ. "ಈ ಕೋಣೆಯ ಮೋರಿ ನೀರು ಎಲ್ಲಿಗೆ ಹೋಗುತ್ತೆ?"

"ಓಣಿಯ ಮಳೆ ಚರಂಡಿಗೆ. ನನ್ನ ಗಂಡನೇ ತಿರುಗಿಸಿದ್ದ, ಕದ್ದುಮುಚ್ಚಿ."

ಓಣಿಗೆ ಹೋದರು. ಮುಂದೆ ಮುದುಕಿ, ಹಿಂದೆ ಅವನು. ಈ ಓಣಿಯಡಿಯಲ್ಲೇ, ಚರಂಡಿಯ ಪಕ್ಕದಲ್ಲೇ, ಕಾರ್ಖಾನೆಯ ತೊಟ್ಟಿಗಳಿಗೆ ನಾಫ್ತಾ ಒಯ್ಯುವ ಹಳೆಯ ಕೊಳವೆ ಹೂತಿದೆಯೆಂದು ಅವನಿಗೆ ಗೊತ್ತಿತ್ತು. ಪ್ರತಿ ಸಲ ಗೊತ್ತಿತ್ತು. ಚರಂಡಿಯ ಮೊದಲ ಜಾಲರಿಯ ಬಳಿ ಅವಳು ನಿಂತು ಮುಖ ಬಗ್ಗಿಸಿದಳು. "ಇದೆ." ಎರಡನೆಯದರ ಬಳಿ, "ಜಾಸ್ತಿ ಇದೆ." ಮೂರನೆಯದಕ್ಕೆ ಬಗ್ಗಿದವಳು ಕೆಮ್ಮಿ ಹಿಂದೆ ಸರಿದಳು, ಕಣ್ಣಲ್ಲಿ ನೀರು ಬಂದಿತ್ತು. ಜಾಲರಿಯ ಮೇಲೆ ಗಾಳಿ ಗಾಜಿನಂತೆ ನಡುಗುತ್ತಿತ್ತು. ಸಾಲ್ವು ಆಸೆಯಿಂದ, ನಾಚಿಕೆಗೆಟ್ಟು, ಅಲ್ಲಿಯೂ ಒಮ್ಮೆ ಉಸಿರೆಳೆದು ನೋಡಿದ. ಏನೂ ಇಲ್ಲ. ತಲೆ ಮಾತ್ರ ತುಸು ಹಗುರಾಯಿತು.

"ನಡೀರಿ. ಫೋನ್ ಮಾಡಬೇಕು. ನಿಮ್ಮ ಮನೆಯಿಂದಲ್ಲ, ಒಂದು ಕಿಡಿ ಸಾಕು."

"ನಾನು ಬರಬೇಕಾದರೆ ನೀನು ರಸೆಲ್‌ಗೂ ಫೋನ್ ಮಾಡಬೇಕು," ಎಂದಳು ಅವಳು, ನಿಂತಲ್ಲೇ. "ನನ್ನ ಎದುರಿಗೆ."

ಅಂಗಡಿಯ ಹೊರಗಿದ್ದ ಫೋನಿನ ಗೂಡಿನಲ್ಲಿ ಇಬ್ಬರೂ ಇಕ್ಕಟ್ಟಾಗಿ ನಿಂತರು. ಮೊದಲು ಮರ್ವ್. "ಏನಂತಾಳೆ ನಿನ್ನ ಪ್ರೇಯಸಿ?" ಎಂದ ಅವನು. ಸಾಲ್ವು ಹೇಳಿದ. ಓಣಿ, ಮೂರನೆಯ ಜಾಲರಿ, ಹಗುರ ನಾಫ್ತಾ, ಬೀದಿಯನ್ನೆಲ್ಲ ಖಾಲಿ ಮಾಡಿಸು.

"ನೀನೇ ಮೂಸಿದೆಯಾ?"

"ಇಲ್ಲ. ಮಿಸೆಸ್ ಹಾರ್ಕಿನ್ ಮೂಸಿದರು."

"ತಮಾಷೆ ಬಿಡು ಸ್ಯಾಲ್. ಆ ಮುದುಕಿಯ ಮಾತು ಕೇಳಿ ನಾನು ಇಡೀ ಘಟಕ ನಿಲ್ಲಿಸ್ಲಾ? ನಿನ್ನ ಮೂಗು ಏನನ್ನುತ್ತೆ?"

"ನನ್ನ ಮೂಗು ಸತ್ತುಹೋಗಿದೆ ಮರ್ವ್. ಚಳಿಗಾಲದಿಂದ. ನಾನು ಇಲ್ಲ ಅಂದದ್ದು ಯಾವುದನ್ನೂ ನಂಬಬೇಡ. ಈಗ ನಿಲ್ಲಿಸು."

ಆ ಕಡೆ ಫ್ಯಾನು ಆರಿಸಿದ ಸದ್ದಾಯಿತು. ಆಮೇಲೆ ಮರ್ವ್, ಬೇರೆಯೇ ದನಿಯಲ್ಲಿ, "ಆ ಲೈನಿನ ಒತ್ತಡ ಬೆಳಿಗ್ಗೆಯಿಂದ ಕಮ್ಮಿ ತೋರಿಸ್ತಿದೆ. ಮಾಪಕ ಕೆಟ್ಟಿದೆ ಅಂದ್ಕೊಂಡಿದ್ವಿ," ಎಂದು ಫೋನು ಇಟ್ಟ. ನಿಮಿಷದೊಳಗೆ ಸೈರನ್ ಕೂಗಿತು.

ರಸೆಲ್‌ನ ನಂಬರನ್ನು ಮುದುಕಿಯೇ ತಿರುಗಿಸಿದಳು, ನೆನಪಿನಿಂದ, ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಹೇಳುತ್ತ. "ನಾನು ಸ್ಯಾಲ್ ಜೆರಾಫಾ, ಕಾರ್ಖಾನೆಯವನು. ನಿಮ್ಮ ತಾಯಿಗೆ ಏನೂ ಆಗಿಲ್ಲ, ಇಲ್ಲೇ ಇದಾರೆ. ಅವರಿಗೆ ಬರ್ತಿದ್ದ ವಾಸನೆ ನಿಜ."

"ಇವತ್ತಿನದಾ?"

"ಇವತ್ತಿನದು ಖಂಡಿತ. ಹಿಂದಿನವು ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ನಿಮಗೆ ಸುಳ್ಳು ಹೇಳಿದ್ದೆ."

"ನೀವು ನನ್ನ ತೋಳು ಹಿಡ್ಕೊಂಡು ಹೇಳಿದ್ರಿ," ಎಂದ ರಸೆಲ್. ಸಿಟ್ಟಿಗಿಂತ ಬೆರಗು ಹೆಚ್ಚಿತ್ತು ದನಿಯಲ್ಲಿ. "ಈ ಸೋಮವಾರ ಮನೆ ಮಾರಾಟದ ಬೋರ್ಡ್ ಹಾಕೋಕೆ ಹೇಳಿದೀನಿ ನಾನು." ಸಾಲ್ವು ಫೋನನ್ನು ಮುದುಕಿಗೆ ಕೊಟ್ಟು ಗೂಡಿನಿಂದ ಹೊರಗೆ ಬಂದ. ಗಾಜಿನೊಳಗೆ ಅವಳು ಹೆಚ್ಚೇನೂ ಮಾತಾಡದೆ, ಮಗ ಹೇಳುವುದಕ್ಕೆಲ್ಲ "ಹೂಂ, ಹೂಂ" ಎನ್ನುತ್ತ ಬೆನ್ನು ತಿರುಗಿಸಿ ನಿಂತಿದ್ದಳು.

ಸಂಜೆಯ ಹೊತ್ತಿಗೆ ಮೂರು ಬೀದಿಯ ಜನ ಫುಟ್‌ಬಾಲ್ ಮೈದಾನದ ಮೆಟ್ಟಿಲುಗಳ ಮೇಲೆ ಸೇರಿದ್ದರು. ನಾಯಿಗಳು, ಪಂಜರದ ಗಿಳಿ, ಐಸ್ ಪೆಟ್ಟಿಗೆ, ಸ್ನಾನದ ಬಟ್ಟೆಯಲ್ಲೇ ಹೊರಟುಬಂದ ಮಕ್ಕಳು. ಓಣಿಯಲ್ಲಿ ಅಗ್ನಿಶಾಮಕದವರು ನೊರೆ ಸುರಿಯುತ್ತಿದ್ದಾರೆಂದೂ, ಕೊಳವೆ ತೋಡುತ್ತಿದ್ದಾರೆಂದೂ, ಯಾವ ಮನೆಗೂ ಏನೂ ಆಗಿಲ್ಲವೆಂದೂ ಸುದ್ದಿ ಬಂತು. ಮರ್ವ್ ಒಮ್ಮೆ ಬಂದು, ಸಾಲ್ವುವಿನ ಕಾರಿನ ಕೀಲಿಗೆ ಕೈ ಚಾಚಿದ. "ನಾಳೆ ಮೇಲಿನವರು ಕರೀತಾರೆ," ಎಂದಷ್ಟೇ ಹೇಳಿದ. ಕೀಲಿ ಕೊಟ್ಟ ಮೇಲೆ ಜೇಬು ವಿಚಿತ್ರವಾಗಿ ಖಾಲಿಯೆನ್ನಿಸಿತು. ಕೆಲಸ ಹೋದರೆ ಏನು ಮಾಡುವುದೆಂದು ಯೋಚಿಸಲು ಹೋದ, ಯೋಚನೆ ನಿಲ್ಲಲಿಲ್ಲ. ಮಿಸೆಸ್ ಹಾರ್ಕಿನ್ ನಾಲ್ಕು ಸಾಲು ಮೇಲೆ ಕೂತಿದ್ದಳು. ಮಗ ಬಂದು ಪಕ್ಕದಲ್ಲಿ ಕೂತು ಅವಳ ಕೈಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದ. ಇಬ್ಬರೂ ಇವನ ಕಡೆ ನೋಡಲಿಲ್ಲ.

ಆಗ ಗಾಳಿ ತಿರುಗಿತು. ಬೆಳಿಗ್ಗೆಯಿಂದ ಒಂದೇ ಸಮ ಬೀಸಿದ್ದು ಸಟ್ಟನೆ ನಿಂತು, ಧೂಳೆದ್ದು, ಬೇರೆ ದಿಕ್ಕಿನಿಂದ ತಣ್ಣಗೆ ಬಂತು. ಯಾರೋ ಹೆಂಗಸು ಎದ್ದು ನಿಂತು, "ಇಲ್ಲಿಗೂ ಬರ್ತಿದೆ ಅಲ್ವಾ?" ಎಂದಳು. "ನನಗೇನೂ ಇಲ್ಲಪ್ಪ," "ನನಗೆ ಬರ್ತಿದೆ," "ಅದು ನಿನ್ನ ಸಿಗರೇಟು." ಮಕ್ಕಳನ್ನು ಎತ್ತಿಕೊಂಡರು, ಒಬ್ಬ ಕಾರಿನ ಕಡೆ ಓಡಿದ, ಮೆಟ್ಟಿಲುಗಳಲ್ಲಿ ನೂಕಾಟ ಶುರುವಾಯಿತು. ಯಾರೋ ಕೂಗಿದರು: "ಮೂಗು ಇಲ್ಲೇ ಇದಾನಲ್ಲ! ಏ ಸ್ಯಾಲ್, ಹೇಳಪ್ಪಾ, ಇದೆಯೋ ಇಲ್ಲವೋ?"

ಮುಖಗಳೆಲ್ಲ ಇವನ ಕಡೆ ತಿರುಗಿದವು. ಸಾಲ್ವು ಎದ್ದು ನಿಂತ. ಅವನ ಹೊಳ್ಳೆಗಳು ತಮ್ಮಷ್ಟಕ್ಕೇ ಅರಳಿದವು.

"ನನಗೆ ತಿಳಿಯಲ್ಲ," ಎಂದ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ನನ್ನ ಮೂಗು ಹೋಗಿದೆ. ಅವರನ್ನ ಕೇಳಿ."

ಜನ ಅವನ ಕೈ ತೋರಿಸಿದ ಕಡೆ ನೋಡಿದರು. ಮಿಸೆಸ್ ಹಾರ್ಕಿನ್ ಅವಸರ ಮಾಡಲಿಲ್ಲ. ಮಗನ ಭುಜ ಹಿಡಿದು ಎದ್ದಳು, ಮುಖವನ್ನು ಗಾಳಿಗೆ ಒಡ್ಡಿದಳು, ಕಣ್ಣುಗಳು ತೆರೆದೇ ಇದ್ದವು. ಒಮ್ಮೆ ಸಾಲ್ವುವನ್ನು ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ಅವನಿಗೆ ಕೊನೆಗೂ ಗೊತ್ತಾಗಲಿಲ್ಲ.

"ಇಲ್ಲ," ಎಂದಳು. "ಸಮುದ್ರದ ವಾಸನೆ, ಅಷ್ಟೆ. ಕೂತ್ಕೊಳ್ಳಿ ಎಲ್ಲರೂ."

ಜನ ಒಬ್ಬೊಬ್ಬರಾಗಿ ಕೂತರು. ಸಾಲ್ವುವಿನ ಮುಖದ ಮೇಲೆ ಗಾಳಿ ಬಂದು ಬಡಿಯುತ್ತಲೇ ಇತ್ತು, ತಣ್ಣಗೆ, ಖಾಲಿಯಾಗಿ. ಕೆಳಗಿನ ಸಾಲಿನಲ್ಲಿದ್ದವನೊಬ್ಬ ತಿರುಗಿ, "ನಿಜವೇ?" ಎಂದು ಅವನನ್ನೇ ಕೇಳಿದ.

"ಅವರು ಹೇಳಿದರಲ್ಲ," ಎಂದ ಸಾಲ್ವು, ಮತ್ತೆ ತಾನೂ ಕೂತ.